ಕೌದಿಯ ವಾಸನೆ ಹೀರಿದ ಸರಕಾರಿ ಇದ್ದಿಲಿನ ಬಾಬತ್ತು

ಇಂದ,
ದೌಲತರಾಯ ತಂದೆ ಗುರಣ್ಣ,
ಉಗ್ರಾಣ ಗುಮಾಸ್ತ (ಹಂಗಾಮಿ, ಹನ್ನೊಂದು ವರ್ಷಗಳಿಂದ),
ಬೀಜ ಜತನ ಕೇಂದ್ರ, ಜೇವರ್ಗಿ.
ಸಾ: ನೆಲೋಗಿ

ಗೆ,
ಮಾನ್ಯ ವಿಭಾಗೀಯ ಮೇಲ್ವಿಚಾರಕರು,
ಬೀಜ ಜತನ ಕೇಂದ್ರಗಳು (ಆಳಂದ, ಅಫಜಲಪುರ ಮತ್ತು ಜೇವರ್ಗಿ),
ಮೊಕ್ಕಾಂ ಗುಲಬರ್ಗಾ.

ದಿನಾಂಕ: ಜನವರಿ 1990, ಸಂಕ್ರಮಣಕ್ಕೆ ಮುಂಚೆ

ವಿಷಯ: ಮೀನಿನ ಗಾಜಿನ ಪೆಟ್ಟಿಗೆಗೆಂದು ಸರಬರಾಜಾದ ಇದ್ದಿಲು ನನ್ನ ದಿವಂಗತ ತಾಯಿಯವರ ಕೌದಿಯ ವಾಸನೆಯನ್ನು ಹೀರಿಕೊಂಡಿದ್ದು, ಸದರಿ ತಪ್ಪು ಕಚೇರಿಯದೇ ಎಂದು ಪ್ರಮಾಣಪತ್ರ ದಯಪಾಲಿಸುವ ಕುರಿತು.

ಉಲ್ಲೇಖ:
1) ಗಾಜಿನ ಪೆಟ್ಟಿಗೆ ಬಂದು ಮುಟ್ಟಿದೆ ಎಂಬ ನಮ್ಮ ಪತ್ರ.
2) ಮೀನು ಯಾವಾಗ ಬರುತ್ತವೆ ಎಂಬ ನಮ್ಮ ಪತ್ರ (ಉತ್ತರವಿಲ್ಲ).
3) ಅದೇ ಪತ್ರದ ಜ್ಞಾಪನ (ಉತ್ತರವಿಲ್ಲ).
4) ಮೀನು ಮಂಜೂರಾಗಿವೆ, ಇದ್ದಿಲನ್ನು ತಕ್ಷಣ ಹಾಜರುಪಡಿಸತಕ್ಕದ್ದು ಎಂಬ ತಮ್ಮ ತಂತಿ.
5) ನನ್ನ ಹೆಂಡತಿ ಕಸ್ತೂರಿಬಾಯಿ ತವರಿನಿಂದ ಆಡಿದ ಬಾಯಿಮಾತು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ಸಾದರಪಡಿಸುವುದೇನೆಂದರೆ,

1. ನಾನು ಸದರಿ ಕೇಂದ್ರದಲ್ಲಿ ತೊಗರಿ, ಜೋಳ, ಕುಸುಬಿ ಬೀಜಗಳನ್ನು ಹುಳ ಮುಟ್ಟದಂತೆ ಕಾಯುವ ಕೆಲಸದಲ್ಲಿರುತ್ತೇನೆ. ತಮಗಿಂತ ಹಿಂದೆ ಇದ್ದ ಸಾಹೇಬರು ಒಮ್ಮೆ ಹೈದರಾಬಾದಿಗೆ ಹಲ್ಲು ಕೀಳಿಸಿಕೊಳ್ಳಲು ಹೋದಾಗ, ಡಾಕ್ಟರರ ಕೋಣೆಯಲ್ಲಿ ಮೀನಿನ ಗಾಜಿನ ಪೆಟ್ಟಿಗೆ ಇದ್ದುದನ್ನೂ, ಅದನ್ನು ನೋಡುತ್ತ ಕುಳಿತ ರೋಗಿಗಳಲ್ಲಿ ಒಬ್ಬರೂ ಬಾಯಿ ಮಾಡದೆ ಇದ್ದುದನ್ನೂ ಗಮನಿಸಿದರು. ಬೀಜಕ್ಕಾಗಿ ಸರದಿಯಲ್ಲಿ ನಿಲ್ಲುವ ರೈತರೂ ಬಾಯಿ ಮಾಡಬಾರದೆಂಬ ಸದುದ್ದೇಶದಿಂದ ಮೂರೂ ತಾಲೂಕುಗಳಿಗೆ ಒಂದೊಂದು ಪೆಟ್ಟಿಗೆ ಮಂಜೂರು ಮಾಡಿದರು. ಹಲ್ಲು ನೋವಿದ್ದವರು ಬಾಯಿ ಹೇಗೆ ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾನು ಹಂಗಾಮಿ.

2. ಪೆಟ್ಟಿಗೆ ಬಂತು. ನೀರು ಸೋಸುವ ಯಂತ್ರ ಬಂತು. ಆ ಯಂತ್ರದ ಹೊಟ್ಟೆಗೆ ತುಂಬುವ ಇದ್ದಿಲಿನ ಡಬ್ಬಿ ಬಂತು. ಮೀನು ಬರಲಿಲ್ಲ. ಆದಕಾರಣ ಪೆಟ್ಟಿಗೆಯಲ್ಲಿ ನೀರಿನ ಬದಲು ಸಿಬ್ಬಂದಿಯ ಬುತ್ತಿಗಂಟುಗಳನ್ನು ಇಡುತ್ತ ಬಂದಿದ್ದೇವೆ. ಇಲಿ ಮುಟ್ಟುವುದಿಲ್ಲ, ಆ ಮಟ್ಟಿಗೆ ಯೋಜನೆ ಯಶಸ್ವಿಯಾಗಿದೆ. ಒಮ್ಮೆ ಆಳಂದದ ದಾಸ್ತಾನು ತೀರಿತೆಂದು ಸರಸಂಬಾದಿಂದ ನಮ್ಮಲ್ಲಿಗೆ ಬಂದ ಒಬ್ಬ ರೈತರು ಆ ಗಾಜಿನ ಮುಂದೆ ಬಹಳ ಹೊತ್ತು ಕುಳಿತು, "ಸಾಹೇಬ್ರ, ಮೀನ ಎಲ್ಲ್ಯಾವ್ರಿ?" ಎಂದು ಕೇಳಿದರು. "ಇನ್ನೂ ಮಂಜೂರಾಗಿಲ್ಲ" ಎಂದೆ. "ಹಂಗಾದ್ರ ಅವೂ ನಮ್ಮ ಸರದಿಯಾಗೇ ನಿಂತಾವ ಬಿಡ್ರಿ" ಎಂದರು. ಅಂದು ಅವರು ಬಾಯಿ ಮಾಡಲಿಲ್ಲ ಎಂಬುದನ್ನು ಯೋಜನೆಯ ಪರವಾಗಿ ದಾಖಲಿಸುತ್ತೇನೆ.

3. ಡಬ್ಬಿಯಲ್ಲಿರುವುದು ಆಕ್ಟಿವೇಟೆಡ್ ಕಾರ್ಬನ್ ಎಂಬ ಪದಾರ್ಥ (ಇನ್ನು ಮುಂದೆ "ಸದರಿ ಇದ್ದಿಲು"). ತೆಂಗಿನ ಚಿಪ್ಪನ್ನು ಸುಟ್ಟು, ಮತ್ತೆ ಕಾಯಿಸಿ, ಕಣ್ಣಿಗೆ ಕಾಣದ ತೂತುಗಳು ಬೀಳುವಂತೆ ಮಾಡಿರುತ್ತಾರಂತೆ. ಆ ತೂತುಗಳು ನೀರಿನಲ್ಲಿಯ ಬಣ್ಣ, ವಾಸನೆ, ಹೊಲಸನ್ನು ಹೀರಿ ಹಿಡಿದುಕೊಳ್ಳುತ್ತವೆ. ಡಬ್ಬಿಯ ಜೊತೆ ಬಂದ ಇಂಗ್ಲಿಷ್ ಸೂಚನಾ ಪತ್ರದ ಸಾರಾಂಶ ಇಷ್ಟು: ಮುದ್ರೆ ಒಡೆಯದೆ, ಒಣ ಜಾಗದಲ್ಲಿಟ್ಟರೆ ಬಾಳಿಕೆಗೆ ಅವಧಿಯೇ ಇಲ್ಲ. ಮುದ್ರೆ ಒಡೆದರೆ ಮೀನಿನ ನೀರಿಗಾಗಿ ಕಾಯದೆ ಸುತ್ತಲಿನ ಗಾಳಿಯಲ್ಲಿದ್ದದ್ದನ್ನೇ ಹೀರಲು ಶುರು ಮಾಡುತ್ತದೆ. ಆದಕಾರಣ ಎಣ್ಣೆ, ಔಷಧಿ, ಬಣ್ಣ ಮುಂತಾದ ಘಾಟು ಪದಾರ್ಥಗಳಿಂದ ದೂರ ಇಡತಕ್ಕದ್ದು. ಈ ಪತ್ರವನ್ನು ಆಗ ಯಾರೂ ಪೂರ್ತಿ ಓದಲಿಲ್ಲ. ಸಾಹೇಬರು ಕೊನೆಯ ಸಾಲನ್ನು ಮಾತ್ರ ಓದಿದರು.

4. ನಮ್ಮ ಉಗ್ರಾಣದಲ್ಲಿ ಸೀಮೆಎಣ್ಣೆಯ ಪೀಪಾಯಿ ಇದೆ, ಹುಳದ ಔಷಧಿ ಇದೆ, ಗೋಡೆಗೆ ಬಳಿಯದೆ ಉಳಿದ ಹಸಿರು ಬಣ್ಣ ಇದೆ. ಒಳಗೆ ಹೋದವರು ಕಣ್ಣೊರೆಸುತ್ತ ಹೊರಗೆ ಬರುತ್ತಾರೆ. ಆದ್ದರಿಂದ ಸಾಹೇಬರು, "ದೌಲತರಾಯ, ನಿಮ್ಮ ಮನ್ಯಾಗ ಘಾಟಿಲ್ಲದ ಜಾಗ ಅದ ಏನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಬಾಯಿಮಾತಿನ ಆದೇಶವಾದ್ದರಿಂದ ಪ್ರತಿ ಲಗತ್ತಿಸಲಾಗಿಲ್ಲ.

5. ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ ಕಸ್ತೂರಿಬಾಯಿ ಮತ್ತು ನನ್ನ ತಂದೆ ಗುರಣ್ಣನವರು ಇರುತ್ತೇವೆ. ತಂದೆಯವರಿಗೆ ಎರಡೂ ಕಣ್ಣು ಹೋಗಿವೆ. ಆದರೂ ನೆಲೋಗಿಯಲ್ಲಿ ಯಾರೇ ತೊಗರಿ ಕಟ್ಟಿಡಲಿ, ಮೊದಲು ಒಂದು ಹಿಡಿ ತಂದು ಇವರ ಕೈಗೆ ಹಾಕುತ್ತಾರೆ. ಇವರು ಒಂದು ಕಾಳು ಕಡಿದು, ಇನ್ನೆಷ್ಟು ಬಿಸಿಲು ಬೇಕೆಂದು ಹೇಳುತ್ತಾರೆ. ಇವರದೊಂದು ಮಾತಿದೆ: "ಬಾಯಿ ಕಟ್ಟಿಟ್ಟದ್ದು ಕೊಳೀತದ, ಗಾಳಿ ಉಂಡದ್ದು ಉಳೀತದ." ಇದನ್ನು ತೊಗರಿಗೂ ಹೇಳುತ್ತಾರೆ, ಮುನಿಸಿಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರಿಗೂ ಹೇಳುತ್ತಾರೆ.

ಡಬ್ಬಿ ತಂದ ದಿನ ತಂದೆಯವರು ಹೊಸ್ತಿಲಲ್ಲೇ ತಡೆದರು.

"ಮೀನಿಂದ ಏನೋ ತಂದೀಯಂತಲ್ಲೋ ಮನಿಗಿ? ಕೊಳ್ಳಾಗ ಲಿಂಗ ಅದ ಇಲ್ಲೋ ನಿನಗ?"

"ಮೀನಿಂದಲ್ಲಪ್ಪಾ. ಟೆಂಗಿನ ಚಿಪ್ಪಿನ ಇದ್ದಿಲು. ಮೀನಿನ ನೀರಾಗಿನ ಹೊಲಸು ಹೀರ್ತದ."

"ಈಗ ಹೀರೇದೇನು?"

"ಇಲ್ಲ. ಮೀನೇ ಇಲ್ಲ."

"ಹಂಗಾರ ಇರ್ಲಿ, ಒಳಗ ತಾ."

ಘಾಟಿಲ್ಲದ, ಒಣ, ಮುಚ್ಚಿದ ಜಾಗವೆಂದರೆ ನಮ್ಮಲ್ಲಿ ಒಂದೇ: ನನ್ನ ತಾಯಿ ಗಂಗಾಬಾಯಿಯವರು ತವರಿನಿಂದ ತಂದ ಕಬ್ಬಿಣದ ಸಂದೂಕು. ಅವರು ಲಿಂಗೈಕ್ಯರಾದ ಮೇಲೆ ಅದರಲ್ಲಿ ಇದ್ದದ್ದು ಅವರೇ ತಮ್ಮ ಹಳೆಯ ಸೀರೆಗಳಿಂದ ಹೊಲಿದ ಒಂದು ಕೌದಿ. ಕೀಲಿಕೈ ತಂದೆಯವರ ಉಡಿದಾರದಲ್ಲಿರುತ್ತದೆ. ಚಳಿಗಾಲದಲ್ಲಿ ಅವರು ಆ ಕೌದಿಯನ್ನು ಮುಖದ ತನಕ ಎಳೆದುಕೊಂಡು ಮಲಗುತ್ತಾರೆ. ಅದರಲ್ಲಿ ವಿಭೂತಿ, ತಲೆಗೆ ಹಚ್ಚುವ ಔಡಲೆಣ್ಣೆ, ಹುರಿದ ಶೇಂಗಾ, ಇನ್ನೂ ಏನೇನೋ ಸೇರಿ ತಾಯಿಯವರದೇ ಎನ್ನುವ ವಾಸನೆ ಇತ್ತು. ಅದಕ್ಕೆ ನೀರು ಹಚ್ಚಕೂಡದೆಂದು ತಂದೆಯವರು ಕಸ್ತೂರಿಬಾಯಿಯಿಂದ ವಚನ ತೆಗೆದುಕೊಂಡಿದ್ದರು. ಕಣ್ಣಿದ್ದವರಿಗೆ ಫೋಟೋ ಇರುತ್ತದೆ. ಇವರಿಗೆ ಇದ್ದದ್ದು ಇದು.

6. ಕಳೆದ ಬೇಸಿಗೆಯಲ್ಲಿ, ರೋಹಿಣಿ ಮಳೆಗೆ ಮುಂಚೆ, ಪದ್ಧತಿಯಂತೆ ಮನೆಯ ಬೇಳೆಕಾಳುಗಳೆಲ್ಲ ಮಾಳಿಗೆಯ ಬಿಸಿಲಿಗೆ ಹೋದವು. ಸಂದೂಕಿನಲ್ಲಿದ್ದ ಕೌದಿಯೂ ಡಬ್ಬಿಯೂ ಹೋದವು. ನಾನು ಬಿತ್ತನೆಯ ಗದ್ದಲದಲ್ಲಿ ಕಚೇರಿಯಲ್ಲಿದ್ದೆ. ಅಲ್ಲಿ ನಡೆದದ್ದನ್ನು ಪಕ್ಕದ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಖಾಸೀಂಬಿಯವರು ಪ್ರತ್ಯಕ್ಷ ಕಂಡಿರುತ್ತಾರೆ. ತಂದೆಯವರು ಕೈಯಾಡಿಸುತ್ತ ಬಂದು ಡಬ್ಬಿ ಹಿಡಿದು, "ಇದರ ಬಾಯಿ ಬೆಸಗಿ ಹಾಕ್ಯಾರಲ್ಲ, ತೆಗಿ" ಎಂದರು.

"ಮಾಮಾ, ಸರಕಾರದ್ದದ್ರಿ. ತೆಗೀಬಾರದಂತ ಇವ್ರು ಹೇಳ್ಯಾರ."

"ಸರಕಾರಕ್ಕ ಕಾಳು ಇಡ್ಲಾಕ ಕಲಿಸಿದವ್ರು ಯಾರು? ನಾವು. ನಾಳಿ ಕೊಳತು ಹೋದ್ರ ನಿನ್ನ ಗಂಡನ ನೌಕರಿಗಿ ಬರ್ತದ. ತೆಗಿ."

ಕಸ್ತೂರಿಬಾಯಿ ಈಳಿಗೆಯ ತುದಿಯಿಂದ ಡಬ್ಬಿಯ ಬಾಯಿ ಕೊರೆದಳು. ಸದರಿ ಇದ್ದಿಲನ್ನು ಧೋತರದ ಮೇಲೆ ಹರವಲಾಯಿತು. ಹುಳ ಹಿಡಿಯದಂತೆ ಕಾಳಿಗೆ ಹಚ್ಚುವ ಔಡಲೆಣ್ಣೆ ಹಚ್ಚಲೇ ಎಂದು ಅವಳು ಕೇಳಿದ್ದಕ್ಕೆ ತಂದೆಯವರು ಒಂದು ಹರಳನ್ನು ಬಾಯಿಗೆ ಹಾಕಿ ಕಡಿದು, ಕಪ್ಪಗಾದ ಹಲ್ಲಿನಿಂದ, "ಬ್ಯಾಡ, ಇದಕ್ಕ ಹುಳ ಹಿಡಿಯಂಗಿಲ್ಲ" ಎಂದು ತೀರ್ಪು ಕೊಟ್ಟರು. ಸಂಜೆ ಡಬ್ಬಿಗೆ ತುಂಬಿ, ಗಾಳಿಯಾಡಲಿ ಎಂದು ಬಾಯಿಗೆ ತೆಳ್ಳನೆಯ ಅರಿವೆ ಕಟ್ಟಿಸಿ, ಉರುಳಬಾರದೆಂದು ಕೌದಿಯ ಮಡಿಕೆಯೊಳಗೆ ತಾವೇ ಸುತ್ತಿ, ಸಂದೂಕಿಗೆ ಕೀಲಿ ಹಾಕಿದರು. ತೊಗರಿಯ ವಿಷಯದಲ್ಲಿ ಇದರಲ್ಲಿ ಯಾವ ತಪ್ಪೂ ಇರುವುದಿಲ್ಲ.

7. ಚಳಿ ಬಂತು. ಕೌದಿ ಹೊರಬಿತ್ತು. ತಂದೆಯವರು ಮುಖಕ್ಕೆ ಎಳೆದುಕೊಂಡವರು ಎದ್ದು ಕುಳಿತರು.

"ಕಸ್ತೂರಿ, ಇದಕ್ಕ ನೀರ ಹಚ್ಚೀದಿ."

"ಇಲ್ರಿ ಮಾಮಾ. ಬಸವಣ್ಣನ ಆಣಿ, ಈಗೇ ಸಂದೂಕದಿಂದ ತೆಗದೇನ್ರಿ."

"ಆಣಿ ಮಾಡಬ್ಯಾಡ. ಹೊಲಗಿ ಆಕಿದೇ ಅದ. ಇದರಾಗ ಆಕಿ ಇಲ್ಲ."

ಖಾಸೀಂಬಿಯವರನ್ನು ಕರೆಸಿ ಮೂಸಿಸಲಾಯಿತು. ಊದು, ಲೋಬಾನ ಮಾರುವವರಾದ್ದರಿಂದ ವಾಸನೆಯ ಬಾಬತ್ತಿನಲ್ಲಿ ಓಣಿಗೆಲ್ಲ ಅವರ ಮಾತೇ ಕೊನೆ. ಅವರು ನಾಲ್ಕೂ ಮೂಲೆ ಮೂಸಿ, "ಕಾಕಾ, ಏನೂ ಬರವಲ್ತ್ರಿ. ಸಾಬಾಣದ ವಾಸನಿ ಭೀ ಇಲ್ಲ. ತೊಳದ ಅರವಿ ಹಿಂಗ ಇರಂಗಿಲ್ರಿ" ಎಂದರು. ಇದು ಕಸ್ತೂರಿಬಾಯಿಯ ಪರವಾದ ಸಾಕ್ಷಿಯಾಗಿದ್ದರೂ ತಂದೆಯವರು ಪರಿಗಣಿಸಲಿಲ್ಲ. ಅಂದಿನಿಂದ ಸೊಸೆಯ ಕೈಯ ರೊಟ್ಟಿ ಮುಟ್ಟದೆ ಬರೀ ಚುರಮರಿ ತಿಂದುಕೊಂಡಿದ್ದರು. ಅವಳು ವಾರಗಟ್ಟಲೆ ಬಿಸಿ ರೊಟ್ಟಿ ಮುಂದಿಟ್ಟು, ಆರಿದ ರೊಟ್ಟಿ ಎತ್ತಿದಳು. ಆಮೇಲೆ ಒಂದು ದಿನ ಚೀಲ ಹಿಡಿದು ತವರೂರು ಕಿಣ್ಣಿ ಸುಲ್ತಾನಕ್ಕೆ ಹೊರಟುಹೋದಳು. ಆದಕಾರಣ ಈ ಸಲದ ಎಳ್ಳ ಅಮವಾಸಿಗೆ ನಮ್ಮ ಮನೆಯಲ್ಲಿ ಭಜ್ಜಿ ಇಲ್ಲ, ಸಜ್ಜಿ ರೊಟ್ಟಿ ಇಲ್ಲ, ಹೊಲಕ್ಕೆ ಎಡೆಯ ಚರಗ ಚೆಲ್ಲಲು ನಾನೊಬ್ಬನೇ ಹೋಗಿ ಖಾಸೀಂಬಿಯವರು ಕೊಟ್ಟ ಬಾಳೆಹಣ್ಣು ಚೆಲ್ಲಿ ಬಂದೆ. ಭೂಮಿತಾಯಿ ಏನೆಂದುಕೊಂಡಳೋ ತಿಳಿಯದು.

8. ಹೀಗಿರುವಾಗ ತಮ್ಮ ತಂತಿ ಬಂತು. ಡಬ್ಬಿ ತೆಗೆದರೆ ಮುದ್ರೆಯ ಜಾಗದಲ್ಲಿ ಅರಿವೆ! ಖಾಸೀಂಬಿಯವರಿಂದ ಬಿಂದು 6ರ ಸಂಗತಿ ತಿಳಿಯಿತು. ಕಚೇರಿಗೆ ಹೋಗಿ ಸೂಚನಾ ಪತ್ರವನ್ನು ಮೊದಲ ಸಲ ಪೂರ್ತಿ ಓದಿದೆ. ಓದಿ, ಖಾಲಿ ಗಾಜಿನ ಪೆಟ್ಟಿಗೆಯ ಮುಂದೆ ಕುಳಿತೆ. ಮಳೆಗಾಲವೆಲ್ಲ ಕೀಲಿ ಹಾಕಿದ ಸಂದೂಕಿನೊಳಗೆ ಸರಕಾರಿ ಇದ್ದಿಲು ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿತ್ತು. ನಮ್ಮ ಕೇಂದ್ರದಲ್ಲಿ ಇಷ್ಟು ನಿಷ್ಠೆಯಿಂದ ಕೆಲಸ ಮಾಡಿದ್ದು ಅದೊಂದೇ.

ಮರುದಿನವೇ ಬಸ್ಸು ಹಿಡಿದು ಕಿಣ್ಣಿ ಸುಲ್ತಾನಕ್ಕೆ ಹೋಗಿ ಕಸ್ತೂರಿಬಾಯಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಿದಳು.

"ಡಬ್ಬಿ ಬಾಯಿ ತೆರಿಸಿದವ್ರು ಅವ್ರೇ ಅಂತ ಅವ್ರಿಗಿ ಹೇಳೀರೇನು?"

"ಇಲ್ಲ, ಹೋಗಿ ಹೇಳ್ತೇನಿ. ನಿನ್ನ ಮ್ಯಾಲಿನ ಅಪವಾದ ಹೋಗ್ತದ."

"ಹೇಳಬ್ಯಾಡ್ರಿ. ಕಣ್ಣ ಹೋದವು, ಅತ್ತಿ ಹೋದ್ರು. ಉಳದದ್ದು ಒಂದು ವಾಸನಿ, ಅದನ್ನ ತಾನೇ ಕೈಯಾರೆ ಕಳದೆ ಅಂತ ತಿಳದ್ರ ಆ ಜೀವ ಹೆಂಗ ತಡೀತದ? ನಾ ತೊಳದೇನಂತನೇ ಇರ್ಲಿ."

"ಹಂಗಾದ್ರ ಮನಿಗಿ ನಡಿ."

"ಅದು ಆಗಂಗಿಲ್ರಿ. ಸುಳ್ಳು ಹೊರ್ತೇನಿ. ಅವ್ರು ನನ್ನ ರೊಟ್ಟಿ ಬಿಟ್ಟು ಚುರಮರಿ ತಿನ್ನೂದು ನೋಡ್ಲಾಕ ನನ್ನ ಕೈಲಿ ಆಗಂಗಿಲ್ಲ."

ಇದನ್ನು ಕೇಳಿ ನನಗೆ ಅಳು ಬಂತು. ಸದರಿ ಅಳುವಿಗೆ ದಾಖಲೆ ಇಲ್ಲದ ಕಾರಣ ಲಗತ್ತಿಸಿಲ್ಲ.

9. ಸತ್ಯ ಹೇಳಿದರೆ ತಂದೆಯವರ ಎದೆ ಒಡೆಯುತ್ತದೆ, ಹೇಳದಿದ್ದರೆ ಹೆಂಡತಿ ಬರುವುದಿಲ್ಲ. ಇಬ್ಬರೂ ತಪ್ಪಿತಸ್ಥರಲ್ಲ. ಆದರೆ ತಪ್ಪು ಆಗಿರುವುದು ನಿಜ, ಅದನ್ನು ಯಾರ ಲೆಕ್ಕಕ್ಕಾದರೂ ಹಚ್ಚಲೇಬೇಕು. ಆದ್ದರಿಂದ ಅದನ್ನು ಸರಕಾರದ ಲೆಕ್ಕಕ್ಕೆ ಹಚ್ಚಬೇಕೆಂದು ಪ್ರಾರ್ಥನೆ. ಸರಕಾರದ ಲೆಕ್ಕದಲ್ಲಿ ಇಂಥವು ಈಗಾಗಲೇ ಬಹಳ ಇರುವುದರಿಂದ ಇನ್ನೊಂದು ಭಾರವಾಗಲಾರದು. ಪ್ರಮಾಣಪತ್ರದಲ್ಲಿ ಈ ಕೆಳಗಿನಂತೆ ಇರತಕ್ಕದ್ದು:

(ಅ) ಡಬ್ಬಿಯು ಕಚೇರಿಯಿಂದ ಹೊರಡುವಾಗಲೇ ಅದರ ಮುದ್ರೆ ಒಡೆದಿತ್ತು. (ಒಡೆದಿರಲಿಲ್ಲ. ಆದರೂ.)
(ಆ) ಕೌದಿಗೆ ಯಾರೂ ನೀರು ಹಚ್ಚಿರುವುದಿಲ್ಲ, ವಾಸನೆಯನ್ನು ಸರಕಾರ ಹೀರಿಕೊಂಡಿದೆ.
(ಇ) ಇದಕ್ಕಾಗಿ ಸರಕಾರಕ್ಕೆ ವಿಷಾದವಿದೆ.

ತಂದೆಯವರು ನಿಜಾಮರ ಕಾಲದಿಂದಲೂ ಮೊಹರಿದ್ದ ಕಾಗದವನ್ನು ಮಾತ್ರ ನಂಬುವವರು. ಕಣ್ಣಿಲ್ಲದ ಕಾರಣ ಮಸಿಯ ಮೊಹರು ಉಪಯೋಗವಿಲ್ಲ. ಬೆರಳಿಗೆ ತಾಗುವಂಥ ಉಬ್ಬು ಮೊಹರನ್ನು ಗಟ್ಟಿಯಾಗಿ ಒತ್ತಿ ಕಳಿಸಬೇಕು.

10. ಮೇಲಿನಷ್ಟನ್ನು ಬರೆದು ಸಹಿ ಮಾಡುವ ಮೊದಲು ನಡೆದ ಸಂಗತಿಯನ್ನು, ಕಚೇರಿಯಲ್ಲಿ ಕಾಗದದ ಅಭಾವ ಇರುವ ಕಾರಣ ಬೇರೆ ಅರ್ಜಿ ಮಾಡದೆ, ಇದರಲ್ಲೇ ಮುಂದುವರಿಸುತ್ತೇನೆ. ನಾನು ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದಾಗ ತಂದೆಯವರು ಲೆಕ್ಕಣಿಕೆಯ ಸಪ್ಪಳ ಕೇಳಿದರು.

"ಏನ್ ಬರ್ಯಾಕತ್ತಿ ದೌಲ್ಯಾ?"

"ಅರ್ಜಿ, ಅಪ್ಪಾ. ಮೀನಿನ ಇದ್ದಿಲಿಂದು."

"ಓದು."

ಓದಿದೆ. ಐದರ ತನಕ ಸರಿಯಾಗಿ ಓದಿ, ಆರನ್ನು ಬಿಟ್ಟು, ಏಳಕ್ಕೆ ಹೋದೆ.

"ಐದಾತು, ಏಳು ಬಂತು. ಆರು ಎಲ್ಲಿ ಹೋತು?"

"ಆರು... ಅದು ಕಚೇರಿ ವಿಷಯಪ್ಪಾ."

"ಓದು ಅಂದೆ."

ಓದಿದೆ. ಬಿಂದುಗಳಿಗೆ ಸಂಖ್ಯೆ ಹಾಕಲು ಕಲಿಸಿದವರನ್ನು ಆ ಹೊತ್ತು ನಾನು ಮನಸಾರೆ ಬೈದೆ. ಮುಂದಿನದನ್ನೂ ಓದಿಸಿಕೊಂಡರು. ಕಿಣ್ಣಿ ಸುಲ್ತಾನದ ಮಾತು ಬಂದಾಗ ಇನ್ನೊಮ್ಮೆ ಓದಿಸಿದರು. ಅವರು ಅಳುತ್ತಾರೆಂದು ನಾನು ಹೆದರಿದ್ದೆ, ಅಳಲಿಲ್ಲ. "ನಾನೇ ಕಡದು ನೋಡೇನಲ್ಲೋ. ನಾಲಿಗಿಗಿ ಏನೂ ಹತ್ತಲಿಲ್ಲ" ಎಂದಷ್ಟೇ ಅಂದರು. ಆಮೇಲೆ ಡಬ್ಬಿ ತರಿಸಿ, ಅರಿವೆ ಬಿಚ್ಚಿ ಮೂಗಿಗೆ ಹಿಡಿದರು.

"ಏನೂ ಇಲ್ಲಲ್ಲ?"

"ಒಳಗ ಹಿಡಕೊಂಡದಪ್ಪಾ. ಬಿಡಂಗಿಲ್ಲ. ಭಟ್ಟಿಯಾಗ ಹಾಕಿ ಕಾಸಿದ್ರ ಮಾತ್ರ ಬಿಡ್ತದಂತ."

"ಅಂದ್ರ ಆಕಿದು ಇದರಾಗ ಅದ."

"ಅದ."

"ಎಷ್ಟು ದಿನ ಇರ್ತದ?"

ಸೂಚನಾ ಪತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಉಗ್ರಾಣದವನಾಗಿ ನನಗೆ ತಿಳಿದಂತೆ ಹೇಳಿದೆ: "ನಾವು ತೆಗೀದಿದ್ರ, ಇರ್ತದ."

ಹುಟ್ಟಿದಾಗಿನಿಂದ ಕಾಳಿಗೆ ಗಾಳಿ ಉಣಿಸಿದ ಮನುಷ್ಯ ಆ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು, "ಹಂಗಾದ್ರ ಬಾಯಿ ಕಟ್ಟು. ಗಟ್ಟಿ ಕಟ್ಟು. ಇನ್ನ ಇದನ್ನ ಬಿಸಿಲಿಗಿ ಹಾಕಬ್ಯಾಡ" ಎಂದರು. ಅರಿವೆ ಬಿಗಿದು, ಮೇಲೆ ಮೇಣದಬತ್ತಿ ಕರಗಿಸಿ ಬಾಯಿ ಮುಚ್ಚಿದ್ದೇನೆ. ಡಬ್ಬಿ ಈಗ ಅವರ ತಲೆದಿಂಬಿನ ಪಕ್ಕದಲ್ಲಿದೆ. ಕೌದಿ ಹೊದ್ದುಕೊಳ್ಳುತ್ತಾರೆ, ಡಬ್ಬಿಯ ಮೇಲೆ ಒಂದು ಕೈ ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಎದ್ದವರೇ ನನ್ನನ್ನು ಕರೆದು, "ಕಿಣ್ಣಿಗಿ ಬಸ್ಸು ಎಷ್ಟೊತ್ತಿಗಿ ಅದ? ನೀ ಕರದ್ರ ಬರಂಗಿಲ್ಲ ಆಕಿ. ನಾನೇ ಹೋಗಿ ಆಕಿ ಕೈಯಾನ ರೊಟ್ಟಿ ಕೇಳಿ ತಿಂತೇನಿ" ಎಂದರು.

11. ಆದಕಾರಣ ಈ ಅರ್ಜಿಯ ವಿಷಯವನ್ನು ಈ ಕೆಳಗಿನಂತೆ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ:

ಬಿಂದು 9ರ ಪ್ರಮಾಣಪತ್ರದ ಅವಶ್ಯಕತೆ ಇರುವುದಿಲ್ಲ. ಸರಕಾರದ ವಿಷಾದವನ್ನು ಬೇರೆ ಯಾರಿಗಾದರೂ ಉಪಯೋಗಿಸಬಹುದು. ಆದರೆ ಸದರಿ ಇದ್ದಿಲನ್ನು ಹಾಜರುಪಡಿಸಲು ಸಾಧ್ಯವಿಲ್ಲ. ಅದು ಈಗ ತುಂಬಿದೆ, ಇನ್ನು ಮೀನಿನ ಹೊಲಸಿಗೆ ಅದರಲ್ಲಿ ಜಾಗವಿಲ್ಲ. ಮೀನುಗಳಿಗೆ ಬೇರೆ ಡಬ್ಬಿ ಮಂಜೂರು ಮಾಡಬೇಕು. ಅವು ಇಷ್ಟು ದಿನ ಕಾದಿವೆ, ಇನ್ನಷ್ಟು ಕಾಯಬಲ್ಲವು ಎಂದು ನನ್ನ ನಂಬಿಕೆ. ದಾಸ್ತಾನು ಪುಸ್ತಕದಲ್ಲಿ ಸದರಿ ಇದ್ದಿಲಿನ ಮುಂದೆ "ಇಟ್ಟ ಸ್ಥಳ" ಎಂಬಲ್ಲಿ ನಮ್ಮ ಮನೆಯ ಪಡಸಾಲೆಯನ್ನೂ, "ಬಾಳಿಕೆ ಅವಧಿ" ಎಂಬಲ್ಲಿ "ಗುರಣ್ಣನವರು ಇರುವ ತನಕ" ಎಂದೂ ಬರೆದಿದ್ದೇನೆ. ಅವರ ಅವಧಿ ಇನ್ನೂ ಬಹಳ ಇರಲಿ ಎಂಬುದು ನನ್ನ ಆಸೆ, ಇದಕ್ಕೆ ಮಾತ್ರ ತಮ್ಮ ಮಂಜೂರಾತಿ ಬೇಕಿಲ್ಲ. ಬರೆದದ್ದಕ್ಕೆ ತಾವು ರುಜು ಹಾಕಬೇಕು.

ಇದರೊಂದಿಗೆ, ತಂದೆಯವರನ್ನು ಕಿಣ್ಣಿ ಸುಲ್ತಾನಕ್ಕೆ ಕರೆದೊಯ್ದು ಹೆಂಡತಿಯನ್ನು ಕರೆತರಲು ಒಂದು ದಿನದ ರಜೆ ಕೋರುತ್ತೇನೆ. ಅವಳು ಸಂಕ್ರಮಣಕ್ಕೆ ಮನೆಯಲ್ಲಿರಬೇಕೆಂದು ನನ್ನ ತಂದೆಯವರ ಆದೇಶವಿರುತ್ತದೆ, ಅದು ತಮ್ಮ ತಂತಿಗಿಂತ ಜರೂರು.

ತಮ್ಮ ವಿಶ್ವಾಸಿಯೂ, ಒಂದು ಡಬ್ಬಿಯ ಹೊರತು ಉಳಿದ ದಾಸ್ತಾನಿಗೆ ಜವಾಬ್ದಾರನೂ ಆದ,
(ಸಹಿ) ದೌಲತರಾಯ ತಂದೆ ಗುರಣ್ಣ

ಲಗತ್ತುಗಳು:
1) ಸೂಚನಾ ಪತ್ರ (ಈ ಸಲ ದಯಮಾಡಿ ಪೂರ್ತಿ ಓದುವುದು).
2) ಈಳಿಗೆಯಿಂದ ಕೊರೆದು ತೆಗೆದ ಮುಚ್ಚಳ.
3) ಕೌದಿಯ ತುಂಡು: ಲಗತ್ತಿಸಿಲ್ಲ. ತಂದೆಯವರು ಕತ್ತರಿ ಹಾಕಗೊಡಲಿಲ್ಲ.
4) ರಜೆಯ ಅರ್ಜಿ.

ವಿ.ಸೂ.: ಸದರಿ ಡಬ್ಬಿ ಇದೆಯೋ ಇಲ್ಲವೋ ಎಂದು ತನಿಖೆಗೆ ಬರುವ ಅಧಿಕಾರಿಗಳು ನೆಲೋಗಿಯಲ್ಲಿ ನಮ್ಮ ಮನೆಗೆ ಯಾವಾಗ ಬೇಕಾದರೂ ಬರಬಹುದು, ರೊಟ್ಟಿ ಉಂಡು ಹೋಗಬಹುದು. ಡಬ್ಬಿಯನ್ನು ಮುಟ್ಟಿ ನೋಡಬಹುದು. ಬಾಯಿಯ ಮೇಣ ಮಾತ್ರ ಒಡೆಯಬಾರದಾಗಿ ವಿನಂತಿ.